ವಾಸಿಯಾಗದ ಗಂಟು: ಡಾಕ್ಟರಿಗೆ ಕೇಳಿ

ಅಡ್ಮಿನ್: ಮುಂಬೈ, ಪುಣೆ, ಗೋವಾದ ಕನ್ನಡಿಗರಿಗೆ ನಮಸ್ಕಾರ. ಇವತ್ತು ಕ್ಯಾನ್ಸರ್ ಸರ್ಜನ್ ಮೇಡಂ ನಮ್ಮ ಗುಂಪಿನಲ್ಲಿದ್ದಾರೆ. ವಿಷಯ ಸಾರ್ಕೋಮಾ. ಕೊಬ್ಬು, ಸ್ನಾಯು, ರಕ್ತನಾಳ ಹೀಗೆ ಮೈಯ ಮೆದು ಭಾಗಗಳಲ್ಲಿ ಹುಟ್ಟುವ ಅಪರೂಪದ ಕ್ಯಾನ್ಸರ್. ಫಾರ್ವರ್ಡ್ ಹಾಕಬೇಡಿ.

ಮುಲುಂಡ್ ಸದಸ್ಯ: ಮೇಡಂ, ಬೆನ್ನ ಮೇಲೆ ಮೆತ್ತಗಿನ ಸಣ್ಣ ಗಂಟು. ಹತ್ತು ವರ್ಷದಿಂದ ಹಾಗೇ ಇದೆ. ಕ್ಯಾನ್ಸರಾ?

ಡಾಕ್ಟರ್: ಬೆಳೆಯದೆ, ಬೆರಳಿಗೆ ಜಾರುವ ಮೆತ್ತಗಿನ ಗಂಟು ಹೆಚ್ಚಾಗಿ ಬರೀ ಕೊಬ್ಬಿನ ಗಂಟು. ಒಮ್ಮೆ ತೋರಿಸಿಕೊಳ್ಳಿ. 5 ಸೆಂ.ಮೀ.ಗಿಂತ ದೊಡ್ಡದು, ಬೆಳೆಯುತ್ತಿರುವುದು, ಆಳದಲ್ಲಿರುವುದು, ತೆಗೆದ ಮೇಲೂ ಮರಳಿ ಬಂದದ್ದು: ಇವುಗಳಲ್ಲಿ ಒಂದಾದರೂ ಇದ್ದರೆ ಸ್ಕ್ಯಾನ್ ಆಗಲೇಬೇಕು. ನೋವಿಲ್ಲ ಅಂತ ಸುಮ್ನೆ ಇರಬೇಡಿ. ಸಾರ್ಕೋಮಾ ಎಷ್ಟೋ ಸಲ ನೋಯುವುದೇ ಇಲ್ಲ.

ಡೊಂಬಿವಲಿ ಸದಸ್ಯೆ: ಮೇಡಂ, ನನ್ನ ತಮ್ಮನಿಗೆ 26 ವರ್ಷ. ಉಂಗುರ ಬೆರಳಿನ ಬುಡದಲ್ಲಿ, ಅಂಗೈ ಕಡೆಗೆ, ಗಟ್ಟಿ ಗಂಟು ಬಂತು. ನರೂಲಿ ಅಂತ ಸುಟ್ಟರು. ಅದು ಹುಣ್ಣಾಯಿತು. ಎರಡು ಸಲ ಕೊಯ್ದು ತೆಗೆದರು. ಮೊದಲನೆಯದನ್ನು ಲ್ಯಾಬಿಗೆ ಕಳಿಸಲೇ ಇಲ್ಲ. ಎರಡನೆಯ ರಿಪೋರ್ಟಿನಲ್ಲಿ ಗ್ರಾನುಲೋಮಾ, ಅಂದರೆ ಉರಿಯೂತದ ಗಂಟು, ಕ್ಯಾನ್ಸರ್ ಅಲ್ಲ ಅಂತಿದೆ. ಈಗ ಮತ್ತೆ ಬಂದಿದೆ, ಮುಂಗೈಯಲ್ಲೂ ಇನ್ನೊಂದು ಗಂಟು. ನಾಡಿದ್ದು ಮೂರನೇ ಆಪರೇಷನ್.

ಡಾಕ್ಟರ್: ಅಮ್ಮಾ, ನಾಡಿದ್ದಿನ ಆಪರೇಷನ್ ಮುಂದೂಡಿ. ಪೂರ್ತಿ ಓದಿ.

ಚಿಕ್ಕ ವಯಸ್ಸು, ಅಂಗೈ, ಮಾಯದ ಹುಣ್ಣು, ತೋಳಿನತ್ತ ಏರುವ ಗಂಟುಗಳು. ಇಷ್ಟೂ ಒಟ್ಟಿಗೆ ಕಂಡರೆ ಎಪಿಥೆಲಿಯಾಯ್ಡ್ ಸಾರ್ಕೋಮಾ ಅನ್ನುವ ಬಗೆಯ ಕ್ಯಾನ್ಸರ್ ಅಲ್ಲ ಅಂತ ಖಚಿತ ಮಾಡಿಕೊಳ್ಳದೆ ನಾನು ಚಾಕು ಮುಟ್ಟುವುದಿಲ್ಲ. ಅದೇ ಅಂತ ಹೇಳುತ್ತಿಲ್ಲ. ಟಿಬಿ ಜಾತಿಯ ಸೋಂಕು, ಫಂಗಸ್ ಕೂಡ ಹೀಗೆ ಸಾಲಾಗಿ ಗಂಟು ತರುತ್ತವೆ. ಆದರೆ ಈ ಸಾರ್ಕೋಮಾ ಮೈಕ್ರೋಸ್ಕೋಪಿನಲ್ಲೂ ಗ್ರಾನುಲೋಮಾದ ಹಾಗೆ ಕಾಣಿಸಿ ಮೋಸ ಮಾಡುತ್ತದೆ. ಆ ರಿಪೋರ್ಟ್ ಮೇಲೆ ಭರವಸೆ ಇಟ್ಟು ಕೂರುವ ಹಾಗಿಲ್ಲ.

ಹಳೆಯ ಲ್ಯಾಬಿನಿಂದ ಗಾಜಿನ ಸ್ಲೈಡ್ ಮತ್ತು ತೆಗೆದ ಗಂಟಿನ ತುಂಡು ಇಟ್ಟಿರುವ ಮೇಣದ ಬ್ಲಾಕ್ ಎರಡೂ ತನ್ನಿ. ಬರೀ ರಿಪೋರ್ಟ್ ಸಾಲದು. ಬ್ಲಾಕ್ ಇದ್ದರೆ ಐಎನ್‌ಐ-1 ಅನ್ನುವ ಪ್ರೋಟೀನ್ ಇದೆಯೇ ಅಂತ ನೋಡುವ ಬಣ್ಣದ ಪರೀಕ್ಷೆ ಮಾಡಬಹುದು. ಈ ಗಡ್ಡೆಯ ಜೀವಕೋಶಗಳಲ್ಲಿ ಆ ಪ್ರೋಟೀನ್ ಸಾಮಾನ್ಯವಾಗಿ ಕಾಣೆಯಾಗಿರುತ್ತದೆ. ಕೈಯ ಎಂಆರ್‌ಐ ಆಗಲಿ. ಕಂಕುಳನ್ನು ಮುಟ್ಟಿ ನೋಡಿಸಿ. ಸಾರ್ಕೋಮಾಗಳು ಹೆಚ್ಚಾಗಿ ಶ್ವಾಸಕೋಶಕ್ಕೆ ಹೋಗುತ್ತವೆ, ಈ ಎಪಿಥೆಲಿಯಾಯ್ಡ್ ಬಗೆ ಕಂಕುಳಿನ ಲಿಂಫ್ ಗಂಟಿಗೂ ಹೋಗುತ್ತದೆ. ಸಾರ್ಕೋಮಾ ಅಂತ ತಿಳಿದರೆ ಎದೆಯ ಸಿಟಿ ಸ್ಕ್ಯಾನ್ ಕೂಡ ಬೇಕು. ಎಲ್ಲ ಹಿಡಿದು ಪರೇಲ್‌ನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ. ಏನು ಅಂತ ಗೊತ್ತಿಲ್ಲದೆ ಗಂಟನ್ನು ಕೆರೆದು ತೆಗೆಯುವುದು ನನಗೆ ಎಲ್ಲಕ್ಕಿಂತ ಭಯದ ವಿಷಯ. ಅದು ಕ್ಯಾನ್ಸರ್ ಆಗಿದ್ದರೆ ಉಳಿದ ಜೀವಕೋಶ ಗಾಯದ ತುಂಬ ಹರಡಿಕೊಳ್ಳುತ್ತದೆ. ಮುಂದೆ ಬೆರಳು, ಕೆಲವೊಮ್ಮೆ ಕೈಯನ್ನೇ ಕಳೆದುಕೊಳ್ಳಬೇಕಾಗುತ್ತದೆ.



ವಾಶಿ ಸದಸ್ಯೆ: ಸಾರ್ಕೋಮಾ ನಾಲಿಗೆಗೂ ಬರುತ್ತಾ?

ಡಾಕ್ಟರ್: ಬರುತ್ತದೆ, ಬಹಳ ಅಪರೂಪ. ನಾಲಿಗೆಯಲ್ಲಿ ಗಂಟೋ ಹುಣ್ಣೋ ಮೂರು ವಾರ ಹೋಗದಿದ್ದರೆ ತೋರಿಸಿ.

ಮಡಗಾಂವ್ ಸದಸ್ಯೆ: ಅಮ್ಮನಿಗೆ 72. ತಲೆಯ ಚರ್ಮದ ಮೇಲೆ ಪೆಟ್ಟು ಬಿದ್ದ ಹಾಗೆ ನೇರಳೆ ಕಲೆ. ಬಿದ್ದಿಲ್ಲ. ಮೂರು ತಿಂಗಳಿಂದ ಅಗಲವಾಗ್ತಾ ಇದೆ, ಬಾಚಿದರೆ ರಕ್ತ ಬರುತ್ತೆ.

ಘಾಟ್‌ಕೋಪರ್ ಸದಸ್ಯ: ಬಯಾಪ್ಸಿ ಅಂತ ಚೂರು ತೆಗೆಸಿ ಪರೀಕ್ಷೆ ಮಾಡಿಸಿದರೆ ಗಡ್ಡೆ ಹರಡುತ್ತದೆ. ಲಕ್ಷ್ಮಣಫಲದ ಎಲೆ ಕಷಾಯ ಕುಡಿಯಿರಿ. ಫಾರ್ವರ್ಡ್ ಆಗಿ ಬಂದದ್ದು, ಎಲ್ಲರಿಗೂ ತಿಳಿಸಿ.

ಠಾಣೆ ಸದಸ್ಯೆ: ಅಣ್ಣಾ, ಫಾರ್ವರ್ಡ್ ಬೇಡ ಅಂತ ಮೇಲೆಯೇ ಬರೆದಿದೆ. ನಮ್ಮ ಮಾವ ಇಂಥದ್ದನ್ನೇ ನಂಬಿ ಐದು ತಿಂಗಳು ಕಳೆದರು.

ಘಾಟ್‌ಕೋಪರ್ ಸದಸ್ಯ: ನಿಮ್ಮ ಮಾವನ ಕಥೆ ಯಾರು ಕೇಳಿದ್ದು ಮಾರಾಯ್ರೇ? ಆಸ್ಪತ್ರೆಯವರಿಗೆ ದುಡ್ಡು ಬೇಕು, ಅಷ್ಟೇ.

ಠಾಣೆ ಸದಸ್ಯೆ: ಮಾತು ನೋಡಿಕೊಂಡು ಆಡಿ. ಅವರು ಈಗಿಲ್ಲ.

ಡಾಕ್ಟರ್: ಇದು ಮೂರನೇ ಸಲ ಬಂದ ಫಾರ್ವರ್ಡ್. ಒಂದೇ ಸಲ ಉತ್ತರ ಕೊಡುತ್ತೇನೆ. ದಪ್ಪ ಸೂಜಿಯ ಬಯಾಪ್ಸಿ ಮಾಡದೆ ಸಾರ್ಕೋಮಾಗೆ ಚಿಕಿತ್ಸೆ ಶುರು ಮಾಡುವುದು ತಪ್ಪು. ಮುಂದೆ ಆಪರೇಷನ್ ಮಾಡುವ ತಂಡವೇ ಸೂಜಿಯ ಜಾಗ ಗುರುತಿಸಬೇಕು. ಬೇಕಾದರೆ ಆ ದಾರಿಯನ್ನೂ ಗಡ್ಡೆಯ ಜೊತೆಗೇ ತೆಗೆದುಬಿಡುತ್ತಾರೆ. ಕಷಾಯದಿಂದ ಸಾರ್ಕೋಮಾ ಕರಗುವುದಿಲ್ಲ. ಕಷಾಯ ಕುಡಿಯುತ್ತಾ ಕೂತ ತಿಂಗಳುಗಳಲ್ಲಿ ಅದು ಬೆಳೆಯುತ್ತದೆ.

ಕಲ್ಯಾಣ್ ಸದಸ್ಯ: ಮೇಡಂ, ಭುಜದ ಗಂಟಿನ ಫೋಟೋ ಹಾಕಿದ್ದೆ. ಕ್ಯಾನ್ಸರಾ?

ಡಾಕ್ಟರ್: ಫೋಟೋ ನೋಡಿ ಯಾರೂ ಹೇಳಲಾರರು. ಮುಲುಂಡ್‌ನವರಿಗೆ ಬರೆದದ್ದು ಓದಿ.

ಅಡ್ಮಿನ್: ಘಾಟ್‌ಕೋಪರ್‌ನವರ ಫಾರ್ವರ್ಡ್ ಅಳಿಸಿದ್ದೇನೆ.

ಡಾಕ್ಟರ್: ನಿಮ್ಮೆಲ್ಲರ ಜಗಳದ ನಡುವೆ ಮಡಗಾಂವ್‌ನವರ ಪ್ರಶ್ನೆ ಮುಚ್ಚಿಹೋಗಿದೆ. ಅಮ್ಮಾ, ವಯಸ್ಸಾದವರ ನೆತ್ತಿಯಲ್ಲಿ ಪೆಟ್ಟಿಲ್ಲದೆ ಹರಡುವ ನೇರಳೆ ಕಲೆ ಆಂಜಿಯೋಸಾರ್ಕೋಮಾ ಇರಬಹುದು. ರಕ್ತನಾಳದ ಕ್ಯಾನ್ಸರ್ ಅದು, ಬೇಗ ಹಬ್ಬುತ್ತದೆ. ನಾಳೆಯೇ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನ ಚರ್ಮ ವಿಭಾಗಕ್ಕೆ ಕರೆದುಕೊಂಡು ಹೋಗಿ, ಬಯಾಪ್ಸಿ ಕೇಳಿ. ಮುಲಾಮು ಹಚ್ಚಿ ಕಾಯಬೇಡಿ.

ಮಡಗಾಂವ್ ಸದಸ್ಯೆ: ನಾಳೆ ಬೆಳಿಗ್ಗೆಯೇ ಹೊರಡ್ತೇವೆ ಮೇಡಂ.

ಡೊಂಬಿವಲಿ ಸದಸ್ಯೆ: ಆಪರೇಷನ್ ನಿಲ್ಲಿಸಿದ್ವಿ. ಬ್ಲಾಕ್ ಕೊಡಲ್ಲ ಅಂತಿದ್ದಾರೆ ಲ್ಯಾಬಿನವರು.

ಡಾಕ್ಟರ್: ಬೇರೆ ಆಸ್ಪತ್ರೆಯಲ್ಲಿ ಮರುಪರೀಕ್ಷೆಗೆ ಬೇಕು ಅಂತ ತಮ್ಮನ ಸಹಿಯಿರುವ ಅರ್ಜಿ ಕೊಡಿ, ಅದರ ಪ್ರತಿಗೆ ಅವರ ಸೀಲ್ ಹಾಕಿಸಿಕೊಳ್ಳಿ. ಆದರೂ ಕೊಡದಿದ್ದರೆ ನನಗೆ ಮೆಸೇಜ್ ಮಾಡಿ, ಆ ಲ್ಯಾಬಿನ ಪೆಥಾಲಜಿಸ್ಟ್ ಜೊತೆ ನಾನೇ ಮಾತಾಡುತ್ತೇನೆ.