ತವಾ, ದನ, ಸರಹದ್ದು: ಎದಿರ್ನೆ ಊರಿನ ಪದಗಳಿಗೆ ಕನ್ನಡ ಯಾವುದು?

ಪ್ರಶ್ನೆ: ತುರ್ಕಿಯ ಎದಿರ್ನೆ ಪಟ್ಟಣದ ನೋಟ-ಊಟಗಳ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವಾಗ ಎದ್ದ ಸಂದೇಹಗಳಿವು. ಊರ ಹೆಸರನ್ನು ಎಡಿರ್ನೆ ಎಂದು ಬರೆಯಬೇಕೋ, ಎದಿರ್ನೆ ಎಂದೋ, ಚರಿತ್ರೆ ಪುಸ್ತಕಗಳ ಏಡ್ರಿಯಾನೋಪಲ್ ಎಂದೋ? ಅಲ್ಲಿಯವರು ತಮ್ಮ ಊರನ್ನು 'ಸೆರ್ಹಾತ್ ಶೆಹ್ರಿ' ಎನ್ನುತ್ತಾರೆ. ಕಿವಿಗೆ ಇದು ನಮ್ಮ ಸರಹದ್ದು, ಶಹರಗಳೇ. ಹಾಗೆಯೇ ಇಟ್ಟುಕೊಳ್ಳಬಹುದೇ? 'ತವಾ ಜಿಯೆರಿ' ಎಂಬ ತಿನಿಸನ್ನು 'ತವಾ ಲಿವರ್' ಎನ್ನಬಹುದೇ? 'ಉಚ್ ಶೆರೆಫೆಲಿ' ಮಸೀದಿ ಎಂದರೆ 'ಮೂರು ಗೌರವಗಳ ಮಸೀದಿ'ಯೇ? ಪೆಹ್ಲಿವಾನರನ್ನು ಪೈಲ್ವಾನರು ಎನ್ನಲು ಅಡ್ಡಿಯಿಲ್ಲವಷ್ಟೆ?

ಉತ್ತರ: ನಮಸ್ಕಾರ. ಪಟ್ಟಿಯಲ್ಲಿ ಪರಿಚಿತ ಮುಖಗಳೇ ಹೆಚ್ಚು, ಎಡವುವುದೂ ಅಲ್ಲೇ. ಫಾರಸಿ-ಅರಬಿ ಮೂಲದ ಮಾತುಗಳು ಒಂದು ಕಡೆ ದಖನಿ, ಮರಾಠಿಗಳ ಮೂಲಕ ಕನ್ನಡಕ್ಕೆ ಬಂದವು, ಇನ್ನೊಂದು ಕಡೆ ತುರ್ಕಿಗೆ ಹೋದವು. ಪದ ಒಂದೇ ಆದರೂ ಅದು ಹೆಸರಿಸುವ ವಸ್ತು ದಾರಿಯಲ್ಲಿ ಬದಲಾಗಿದೆ.

ಹೆಸರಿನ ಮಾತು ಬೇಗ ಮುಗಿಯುತ್ತದೆ. ತುರ್ಕಿಯ ತ, ದ ಎರಡೂ ದಂತ್ಯ. 'ಎಡಿರ್ನೆ' ಎಂಬುದು ರೋಮನ್ ಅಕ್ಷರ ನೋಡಿ ಬರೆದದ್ದು, ಕಿವಿಯಿಂದ ಬರೆದರೆ ಎದಿರ್ನೆ. ರೋಮನ್ ಸಾಮ್ರಾಟ ಹೇಡ್ರಿಯನ್ನನ ಹೆಸರಿನಿಂದ ಹೇಡ್ರಿಯಾನೋಪೊಲಿಸ್ ಆಯಿತು, ಅದು ಸವೆದು ಎದಿರ್ನೆಯಾಯಿತು. 378ರಲ್ಲಿ ಸಾಮ್ರಾಟ ವಾಲೆನ್ಸ್ ಗೋಥರ ಕೈಯಲ್ಲಿ ಸೋತು ಸತ್ತ ಕಾಳಗದ ಬಗ್ಗೆ ಬರೆಯುವಾಗ ಏಡ್ರಿಯಾನೋಪಲ್ ಎನ್ನಿ. 1360ರ ದಶಕದಲ್ಲಿ ಒಟ್ಟೋಮನ್ನರ ವಶವಾಗಿ, 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಬೀಳುವ ತನಕ ಅವರ ರಾಜಧಾನಿಯಾಗಿದ್ದ ಊರು ಎದಿರ್ನೆ. ಮೊದಲ ಸಲ ಎರಡೂ ಹೆಸರು ಕೊಟ್ಟರೆ ಓದುಗರಿಗೆ ಉಪಕಾರ.

ಸೆರ್ಹಾತ್ ಮತ್ತು ಸರಹದ್ದು ಅಣ್ಣತಮ್ಮಂದಿರು ಎಂಬುದು ನಿಜ. ಫಾರಸಿಯ 'ಸರ್' ಎಂದರೆ ತಲೆ, ಅರಬಿಯ 'ಹದ್ದ್' ಎಂದರೆ ಎಲ್ಲೆ. ಹದ್ದುಬಸ್ತಿನಲ್ಲಿರುವ ಹದ್ದೂ ಅದೇ. ಆದರೆ ಇಂದಿನ ಕನ್ನಡದಲ್ಲಿ ಸರಹದ್ದು ಎಂದ ಕೂಡಲೇ ಪೊಲೀಸು ಠಾಣೆ ಕಣ್ಣ ಮುಂದೆ ನಿಲ್ಲುತ್ತದೆ. 'ಎದಿರ್ನೆ ಸರಹದ್ದಿನ ಶಹರ' ಎಂದರೆ ಯಾವ ಠಾಣೆಯ ಸರಹದ್ದು ಎಂದು ಕೇಳುವಂತಿದೆ. ತುರ್ಕಿಯಲ್ಲಿ ಸೆರ್ಹಾತ್ ಎಂಬ ಮಾತಿಗೆ ಗಡಿಕಾಯುವ ವೀರರ ಗತ್ತಿದೆ. ಗಡಿನಾಡು ಎನ್ನೋಣವೆಂದರೆ ಕಾಸರಗೋಡು, ಬೆಳಗಾವಿ ನುಗ್ಗಿ ಬರುತ್ತವೆ. 'ಗಡಿಯೂರು' ಸಾಕು. ಊರಿನ ಒಂದು ಬದಿಗೆ ಗ್ರೀಸ್, ಇನ್ನೊಂದು ಬದಿಗೆ ಬಲ್ಗೇರಿಯ. ದಾರಿಫಲಕಗಳಲ್ಲಿ ಮಾತ್ರ ಸೆರ್ಹಾತ್ ಕಾಣಸಿಗದು, 'ಸನರ್ ಕಪಸ' ಎಂದಿರುತ್ತದೆ. ಸನರ್ ಎಂದರೆ ಗಡಿ (ಗ್ರೀಕಿನಿಂದ ಬಂದದ್ದು), ಕಪ ಎಂದರೆ ಬಾಗಿಲು. ಬಲ್ಗೇರಿಯದ ಕಡೆಯ ಕಪಕುಲೆ 'ಬಾಗಿಲ ಗೋಪುರ', ಗ್ರೀಸಿನ ಕಡೆಯದು ಪಜಾರ್‌ಕುಲೆ. ಷೆಂಗೆನ್ ವೀಸಾ ಇಲ್ಲದೆ ಹೋದ ಭಾರತೀಯರಿಗೆ ಎರಡೂ ದೂರದಿಂದ ನೋಡುವ ಬಾಗಿಲುಗಳೇ.

ಪಜಾರ್ ಎಂದಾಗ ಒಂದು ಎಚ್ಚರಿಕೆ. ಅದು ನಮ್ಮ ಬಜಾರೇ, ಆದರೆ ತುರ್ಕಿಯಲ್ಲಿ ಅದೇ ಪದಕ್ಕೆ ಭಾನುವಾರ ಎಂಬ ಅರ್ಥವೂ ಇದೆ. ಅಂಗಡಿ ಬಾಗಿಲಿನ 'ಪಜಾರ್ ಕಪಾಲ' ಎಂಬ ಚೀಟಿ ಬಜಾರು ಮುಚ್ಚಿದೆ ಎನ್ನುತ್ತಿಲ್ಲ, ಭಾನುವಾರ ರಜೆ ಎನ್ನುತ್ತಿದೆ. ಸೋಮವಾರ 'ಪಜಾರ್‌ತೆಸಿ', ಅಂದರೆ ಪಜಾರಿನ ಮಾರನೆಯ ದಿನ. ಸಂತೆಯ ಮೇಲೆ ವಾರ ಎಣಿಸುವ ಹಳ್ಳಿಗಳವರಿಗೆ ಇದು ಹೊಸದಲ್ಲ.

ಇನ್ನು ತವಾ ಜಿಯೆರಿ. ಈ ಊರಿಗೆ ಊಟಕ್ಕೆಂದೇ ಹೋಗುವವರು ಹೋಗುವುದು ಇದಕ್ಕೆ, ಹಾಗಾಗಿ ಅನುವಾದ ಕೆಟ್ಟರೆ ಕೈಪಿಡಿಯೇ ಕೆಟ್ಟಂತೆ. ನಮ್ಮ ತವಾ ಚಪ್ಪಟೆ ಕಾವಲಿ. 'ತವಾ ಫ್ರೈ' ಎಂದರೆ ಮಸಾಲೆ ಮೆತ್ತಿ, ಚೂರು ಎಣ್ಣೆ ಬಿಟ್ಟು ಮಗುಚಿದ್ದು. ತುರ್ಕಿಯ ತವಾ ಎಂದರೆ ಕರಿಯುವ ಬಾಣಲಿ, ಮತ್ತು ಅದರಲ್ಲಿ ಕರಿದ ಪದಾರ್ಥ. ಎದಿರ್ನೆಯದು ಎಣ್ಣೆಯಲ್ಲಿ ಮುಳುಗಿಸಿ ಕರಿದದ್ದು, ಮಸಾಲೆಯ ಸುಳಿವೇ ಇಲ್ಲ. 'ತವಾ ಲಿವರ್' ಎಂದು ಓದಿಕೊಂಡು ಹೋದವರು ತಟ್ಟೆಯಲ್ಲಿ ಗಸಿ ಹುಡುಕುತ್ತಾರೆ.

ಮಾಡುವ ಬಗೆ ತಿಳಿದರೆ ಪದ ತಾನೇ ಸಿಗುತ್ತದೆ. ಲಿವರಿನ ಮೇಲಿನ ತೆಳು ಪೊರೆ ಸುಲಿದು, ನರ ತೆಗೆದು, ಎಲೆಯಷ್ಟು ತೆಳ್ಳಗೆ ಅಗಲವಾಗಿ ಕೊಯ್ಯುತ್ತಾರೆ. ಇದಕ್ಕೇ 'ಯಾಪ್ರಾಕ್ ಜಿಯೆರ್' ಎಂಬ ಹೆಸರೂ ಇದೆ, ಯಾಪ್ರಾಕ್ ಎಂದರೆ ಎಲೆ. ರಕ್ತದ ಬಣ್ಣ ಹೋಗುವ ತನಕ ತಣ್ಣೀರು ಬದಲಿಸಿ ಬದಲಿಸಿ ತೊಳೆದು, ತೂತಿನ ಪಾತ್ರೆಯಲ್ಲಿ ಚೆನ್ನಾಗಿ ಬಸಿಯಲು ಬಿಡಬೇಕು. ನೀರಿನಂಶ ಉಳಿದರೆ ಹಿಟ್ಟು ಗೋಂದಾಗಿ ಅಂಟುತ್ತದೆ, ಎಣ್ಣೆಯೂ ಸಿಡಿಯುತ್ತದೆ. ಬಾಣಲಿಗೆ ಹಾಕುವ ಗಳಿಗೆಯಲ್ಲಷ್ಟೇ ಗೋಧಿ ಹಿಟ್ಟಿನಲ್ಲಿ ಹೊರಳಿಸಿ, ಜರಡಿಯಲ್ಲಿ ಕೊಡವಿ, ಚೆನ್ನಾಗಿ ಕಾದ ಸೂರ್ಯಕಾಂತಿ ಎಣ್ಣೆಗೆ ಬಿಡುವುದು. ಸುತ್ತಲಿನ ಥ್ರೇಸ್ ಬಯಲು ಸೂರ್ಯಕಾಂತಿಯ ಸೀಮೆ, ಎಣ್ಣೆಗೆ ಬರವಿಲ್ಲ. ಒಂದೆರಡು ನಿಮಿಷದಲ್ಲಿ ತೆಗೆಯಬೇಕು. ಒಂದೇ ಸಲಕ್ಕೆ ಬಾಣಲಿ ತುಂಬ ಸುರಿದರೆ ಎಣ್ಣೆಯ ಕಾವು ಇಳಿದು, ಕರಿಯುವ ಬದಲು ಬೇಯುತ್ತದೆ, ರಬ್ಬರಾಗುತ್ತದೆ. ಉಪ್ಪು ಮೊದಲೇ ಹಾಕಿದರೆ ನೀರು ಬಿಟ್ಟು ಗಡುಸಾಗುತ್ತದೆ, ಆದ್ದರಿಂದ ಉಪ್ಪು ಕೊನೆಗೆ. ಜೊತೆಗೆ ಒಣಗಿಸಿದ ಉದ್ದ ಕೆಂಪು ಮೆಣಸಿನಕಾಯಿಯನ್ನು ಅದೇ ಎಣ್ಣೆಯಲ್ಲಿ ಕ್ಷಣಹೊತ್ತು ಅದ್ದಿ ತೆಗೆದು ಕೊಡುತ್ತಾರೆ. ನಮ್ಮ ಬಾಳಕದ ಮೆಣಸಿನಂತೆ ಕಾಣುತ್ತದೆ, ಆದರೆ ಇದಕ್ಕೆ ಮಜ್ಜಿಗೆ-ಉಪ್ಪಿನ ಸಂಸ್ಕಾರವಿಲ್ಲ. ಪಕ್ಕದಲ್ಲಿ ಹಸಿ ಈರುಳ್ಳಿ, ಟೊಮೆಟೊ, ಕುಡಿಯಲು ಆಯ್ರಾನ್, ಅಂದರೆ ಇಂಗು-ಕರಿಬೇವು ಇಲ್ಲದ ಬರೀ ಉಪ್ಪು ಮಜ್ಜಿಗೆ.

ಹಾಗಾಗಿ 'ಎಲೆಲಿವರ್ ಕರಿದದ್ದು' ಎಂಬುದು ನನ್ನ ಸಲಹೆ. 'ಯಕೃತ್ತಿನ ಕರಿದ ತಿನಿಸು' ಎಂದು ಬರೆದರೆ ವೈದ್ಯರ ವರದಿ ಓದಿದಂತಾಗುತ್ತದೆ. ಆದರೂ ನಂಟು ಹೇಳಬೇಕೆಂದರೆ, ಜಿಯೆರ್ ಎಂಬುದು ಫಾರಸಿಯ ಜಿಗರ್. ಆ ಜಿಗರ್ ಮತ್ತು ಸಂಸ್ಕೃತದ ಯಕೃತ್ ಒಂದೇ ಬೇರಿನವು. ನಡುವಿನ 'ಗ' ತುರ್ಕಿಯಲ್ಲಿ ಬರಹದಲ್ಲಷ್ಟೇ ತಲೆಯ ಮೇಲೊಂದು ಗುರುತು ಹೊತ್ತು ಉಳಿದಿದೆ, ಬಾಯಲ್ಲಿ ಕರಗಿದೆ. 'ಜಿಗೆರ್' ಎಂದು ಬರೆಯಬೇಡಿ. ಇಸ್ತಾನ್‌ಬುಲ್ ಹೋಟೆಲುಗಳಲ್ಲಿ ಸಿಗುವ 'ಆರ್ನಾವುತ್ ಜಿಯೆರಿ' ಬೇರೆ: ಅದು ಚೌಕ ತುಂಡುಗಳ ಅಲ್ಬೇನಿಯ ಬಗೆ. ಎರಡನ್ನೂ ಒಂದೇ ಹೆಸರಲ್ಲಿ ಕರೆದರೆ ಎದಿರ್ನೆಯವರು ಮುನಿಸಿಕೊಳ್ಳುತ್ತಾರೆ. ಅವರದಕ್ಕೆ ತುರ್ಕಿಯ ಭೌಗೋಳಿಕ ಗುರುತಿನ ನೋಂದಣಿಯಿದೆ.

ಹೋಟೆಲಿನ ತಿನಿಸುಪಟ್ಟಿ ಓದುವಾಗ ಮುಖ್ಯ ಪದ 'ದಾನಾ'. ತುರ್ಕಿಯಲ್ಲಿ ಅದು ಕರು, ಕರುವಿನ ಮಾಂಸ. ಎದಿರ್ನೆಯ ಜಿಯೆರ್ ಸಾಮಾನ್ಯವಾಗಿ ಇದೇ. ನಮ್ಮ ದನಕ್ಕೂ ಇದಕ್ಕೂ ನಂಟಿಲ್ಲ. ಕನ್ನಡದ ದನ ಸಂಸ್ಕೃತದ ಧನದ ತದ್ಭವ, ತುರ್ಕಿಯದರ ಬೇರು ಬೇರೆ. ಆದರೆ ಈ ಆಕಸ್ಮಿಕ ಹೋಲಿಕೆಯಿಂದ ಉಪಯೋಗವುಂಟು: ದಾನಾ ಎಂದು ಕಂಡರೆ ದನ ಎಂದೇ ಓದಿಕೊಳ್ಳಿ, ತಿನ್ನದವರು ತಪ್ಪಿಸಿಕೊಳ್ಳಬಹುದು. ಕುಜು ಎಂದರೆ ಕುರಿಮರಿ, ತಾವುಕ್ ಎಂದರೆ ಕೋಳಿ. ತಿನ್ನುವವರಿಗೆ ಇನ್ನೊಂದು ಮಾತು ಸಾಕು: ಒಂದೂವರೆ ಪಾಲು ಬೇಕಾದರೆ 'ಬಿರ್ ಬುಚುಕ್'. ಮುಗಿದ ಮೇಲೆ 'ಹೆಸಾಪ್' ಎನ್ನಿ. ನಮ್ಮ ಹಿಸಾಬೇ, ಅಲ್ಲಿ ಹೋಟೆಲ್ ಬಿಲ್ಲು.

ಇಂಥದೇ ಇನ್ನೊಂದು ಆಕಸ್ಮಿಕ 'ಕರಾ'. ತುರ್ಕಿಯಲ್ಲಿ ಕಪ್ಪು. ಕರಾಬಿಬೆರ್ ಎಂದರೆ ಕರಿಮೆಣಸು, ಕರಾಜಿಯೆರ್ ಎಂದರೆ ಲಿವರು (ಆಕ್‌ಜಿಯೆರ್, 'ಬಿಳಿ ಜಿಯೆರ್', ಶ್ವಾಸಕೋಶ), ಕರಾಆಚ್ ಎಂದರೆ ಅಕ್ಷರಶಃ ಕರಿಮರ. ಕರಿ-ಕರಾ ಎಂದು ದ್ರಾವಿಡ-ತುರ್ಕಿ ಬಾಂಧವ್ಯ ಕಟ್ಟಲು ಹೊರಡುವವರಿದ್ದಾರೆ. ಒಂದೆರಡು ಪದ ಹೋಲುವುದು ಎಲ್ಲ ಭಾಷೆಗಳ ನಡುವೆಯೂ ಉಂಟು, ಅದು ಸಾಕ್ಷಿಯಾಗದು. ನಿಜವಾದ ನಂಟು ಇರುವುದು 'ಬಿಬೆರ್'ನಲ್ಲಿ. ಸಂಸ್ಕೃತದ ಪಿಪ್ಪಲಿ ಗ್ರೀಕಿಗೆ ಹೋಗಿ ಪಿಪೇರಿ ಆಗಿ ಅಲ್ಲಿಂದ ತುರ್ಕಿಗೆ ಬಿಬೆರ್ ಆಗಿ ಬಂತು. ನಮ್ಮಲ್ಲಿ ಅದೇ ಹಿಪ್ಪಲಿ. ಅಮೆರಿಕದಿಂದ ಬಂದ ಕಾಯಿಗೆ ನಾವು ಹಳೆಯ ಮೆಣಸಿನ ಹೆಸರನ್ನೇ ಹೊಂದಿಸಿಕೊಂಡಂತೆ ಅವರೂ ಬಿಬೆರ್ ಎಂದೇ ಕರೆದರು.

ಕರಾಆಚ್ ಈಗ ಎದಿರ್ನೆಯ ಒಂದು ಬಡಾವಣೆ, ಮೆರಿಚ್ ನದಿಯ ಆಚೆ ದಡದಲ್ಲಿದೆ. 1923ರ ಲೊಸಾನ್ ಒಪ್ಪಂದದಲ್ಲಿ ಗ್ರೀಸ್ ಯುದ್ಧಪರಿಹಾರವಾಗಿ ಬಿಟ್ಟುಕೊಟ್ಟ ತುಣುಕು. ವಾಸ್ತುಶಿಲ್ಪಿ ಕೆಮಾಲೆದ್ದಿನ್ ಕಟ್ಟಿಸಿದ ಹಳೆಯ ರೈಲು ನಿಲ್ದಾಣ ಈಗ ವಿಶ್ವವಿದ್ಯಾಲಯದ ಪಾಲಾಗಿದೆ. ಸಂಜೆ ಸೇತುವೆ ದಾಟಿ ನಡೆದು ಹೋಗಬಹುದು.

'ಉಚ್ ಶೆರೆಫೆಲಿ'ಗೆ ಬಂದರೆ, ಗೌರವ ಬೇಡ. ಶೆರೆಫ್ ಎಂದರೆ ಮರ್ಯಾದೆ ಹೌದು (ಷರೀಫನಲ್ಲಿರುವ ಬೇರು ಅದೇ), ಆದರೆ ಶೆರೆಫೆ ಎಂದರೆ ಮಿನಾರಿನ ಸುತ್ತ ಚಾಚಿದ, ಆಜಾನ್ ಕೂಗುವ ಮೊಗಸಾಲೆ. ಗ್ಲಾಸು ತಾಗಿಸುವಾಗ 'ಶೆರೆಫೆ!' ಎನ್ನುವುದೂ ಉಂಟು, ಮಸೀದಿಗೆ ಅದರ ಗೊಡವೆಯಿಲ್ಲ. 'ಮೂರು ಮೊಗಸಾಲೆಯ ಮಸೀದಿ' ಎನ್ನಿ. ಒಟ್ಟೋಮನ್ ಸುಲ್ತಾನ ಎರಡನೆಯ ಮುರಾದನ ಕಾಲದಲ್ಲಿ, 1438ರಿಂದ 1447ರ ತನಕ ಕಟ್ಟಿದ್ದು. ನಾಲ್ಕು ಮಿನಾರುಗಳು ಒಂದರಂತೆ ಒಂದಿಲ್ಲ. ಮೂರು ಮೊಗಸಾಲೆ ಇರುವುದು ಅತಿ ಎತ್ತರದ್ದಕ್ಕೆ ಮಾತ್ರ. ಇನ್ನೊಂದು ಹಗ್ಗ ಹೊಸೆದಂತೆ ತಿರುಚಿದೆ, ಮತ್ತೊಂದು 'ಬಕ್ಲಾವಲ'. ಅದನ್ನು ನೋಡಿ ಸಿಹಿತಿಂಡಿಯ ಮಿನಾರು ಎಂದು ಬರೆದೀರಿ! ತುರ್ಕಿಯಲ್ಲಿ ಬಕ್ಲಾವಾ ಎಂದರೆ ತಿಂಡಿಯೂ ಹೌದು, ಅದನ್ನು ಕೊಯ್ಯುವ ಓರೆ ಚೌಕದ ಆಕಾರವೂ ಹೌದು. ಕನ್ನಡದಲ್ಲಿ 'ಶಂಕರಪೋಳಿ ಆಕಾರ' ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ.

ಒಟ್ಟೋಮನ್ ವಾಸ್ತುಶಿಲ್ಪಿ ಸಿನಾನ್ ಕಟ್ಟಿದ ಸೆಲಿಮಿಯೆ ಮಸೀದಿಯ ಹೆಸರಿಗೆ ಅನುವಾದದ ತೊಡಕಿಲ್ಲ. ಒಂದು ವಿವರ ಮಾತ್ರ ಸರಿಯಾಗಿ ಬರೆಯಿರಿ: 31 ಮೀಟರಿಗೂ ಮಿಕ್ಕ ಅಡ್ಡಗಲದ ಗುಮ್ಮಟ ಎಂಟು ಕಂಬಗಳ ಮೇಲೆ ನಿಂತಿದೆ, ನಾಲ್ಕರ ಮೇಲಲ್ಲ. ಮಿನಾರುಗಳು ಸುಮಾರು 71 ಮೀಟರ್. ಎರಡು ಮಿನಾರುಗಳಲ್ಲಿ ಮೂರು ಮೊಗಸಾಲೆಗಳಿಗೆ ಮೂರು ಬೇರೆ ಬೇರೆ ಸುರುಳಿಮೆಟ್ಟಿಲುಗಳಿವೆ, ಹತ್ತುವವರು ಒಬ್ಬರಿಗೊಬ್ಬರು ಎದುರಾಗುವುದಿಲ್ಲ.

ಪೇಟೆಯಲ್ಲಿ 'ಬೆದೆಸ್ತೆನ್' ಎಂಬ 14 ಗುಮ್ಮಟದ ಹಳೆಯ ಕಟ್ಟಡವಿದೆ. ಮೂಲ 'ಬಜ್ಜಾಜಿಸ್ತಾನ್', ಬಟ್ಟೆ ವ್ಯಾಪಾರಿಗಳ ಜಾಗ. ಬಜಾಜ್ ಎಂಬ ಮನೆತನದ ಹೆಸರಿನ ಬೇರೂ ಅದೇ. 'ಜವಳಿಚಾವಡಿ' ಎಂದರೆ ಒಪ್ಪುತ್ತದೆ. ಸೆಲಿಮಿಯೆಯ ಮಗ್ಗುಲಿನ ಸಾಲಂಗಡಿಗಳಲ್ಲಿ ಹಣ್ಣಿನ ಆಕಾರದ 'ಸಾಬುನ್' ಮಾರುತ್ತಾರೆ. ಸಾಬೂನೇ, ಸಂದೇಹ ಬೇಡ. ಸೇಬು, ಪೇರಳೆಗಳಂತೆ ತಿದ್ದಿ ಬಣ್ಣ ಬಳಿದಿರುತ್ತಾರೆ, ಮಕ್ಕಳು ಕಚ್ಚದಂತೆ ನೋಡಿಕೊಳ್ಳಿ. 'ಬಾದೆಮ್ ಎಜ್ಮೆಸಿ' ಮಾತ್ರ ತಿನ್ನುವುದು. ಎಜ್ಮೆ ಎಂದರೆ ಅರೆದದ್ದು. ಸಿಪ್ಪೆ ಸುಲಿದ ಬಾದಾಮಿಯನ್ನು ಸಕ್ಕರೆಯೊಡನೆ ಅರೆದು ನಾದಿದ ಮುದ್ದೆ. ತುಪ್ಪ-ಹಾಲು ಇಲ್ಲದ್ದರಿಂದ ಬರ್ಫಿ ಎನ್ನಲಾಗದು.

ಆಸ್ಪತ್ರೆಯ ವಿಷಯಕ್ಕೆ ಒಂದು ಎಚ್ಚರ. ಸುಲ್ತಾನ ಎರಡನೆಯ ಬಾಯೆಜಿದನ 1488ರ ಕಟ್ಟಡ ಸಂಕೀರ್ಣದಲ್ಲಿ, ಸಂಗೀತ ಮತ್ತು ನೀರಿನ ಸದ್ದಿನಿಂದ ಮನೋರೋಗಿಗಳನ್ನು ಸಂತೈಸುತ್ತಿದ್ದ 'ದಾರುಶ್ಶಿಫಾ' ಈಗ ವಸ್ತುಸಂಗ್ರಹಾಲಯ. ಉತ್ತರ ಕರ್ನಾಟಕದ ಓದುಗರಿಗೆ 'ಹಳೆಯ ದವಾಖಾನಿ' ಎಂದರೆ ತಟ್ಟನೆ ಹೊಳೆಯುತ್ತದೆ. ಅದೇ ಧೈರ್ಯದಲ್ಲಿ ಅಲ್ಲಿ ಯಾರನ್ನಾದರೂ 'ಕಾರ್ಖಾನೆ' ಎಲ್ಲಿ ಎಂದು ಕೇಳಬೇಡಿ. ತುರ್ಕಿಯ 'ಕೆರ್‌ಹಾನೆ' ಅದೇ ಪದ, ಅರ್ಥ ಮಾತ್ರ ವೇಶ್ಯಾಗೃಹ. ಕಾರ್ಖಾನೆಗೆ ಅಲ್ಲಿ 'ಫಾಬ್ರಿಕಾ'.

ಮತ್ತೊಬ್ಬರ ಮಾತು: ಪೈಲ್ವಾನರ ಪ್ರಶ್ನೆ ಉಳಿದುಬಿಟ್ಟಿತು, ಅದಕ್ಕಷ್ಟೇ ಸೇರಿಸುತ್ತೇನೆ. ಪೈಲ್ವಾನ ಎನ್ನಲು ಅಡ್ಡಿಯಿಲ್ಲ. ಆದರೆ ಎದಿರ್ನೆಯ ಎಣ್ಣೆ ಕುಸ್ತಿಗೆ ಗರಡಿಯ ಉಳಿದ ಪದಗಳು ಹೊಂದುವುದಿಲ್ಲ. ನಮ್ಮದು ಮಟ್ಟಿಯ ಮೇಲೆ, ಕೆಮ್ಮಣ್ಣು ಹಿಡಿತಕ್ಕೆ ನೆರವಾಗುತ್ತದೆ. ಅಲ್ಲಿ ಹುಲ್ಲಿನ ಬಯಲು, ಮೈಗೆಲ್ಲ ಎಣ್ಣೆ, ಹಿಡಿತಕ್ಕೆ ಸಿಗುವುದು ಮೊಣಕಾಲ ಕೆಳಗಿನ ತನಕ ಬರುವ ತೊಗಲಿನ ಚಲ್ಲಣ ಮಾತ್ರ. ಅದೇ 'ಕಸ್ಪೆತ್'. ಅದರೊಳಗೆ ಕೈ ತೂರಿಸಿ ಪಟ್ಟು ಹಾಕುವುದು ನಿಯಮಕ್ಕೆ ಒಳಪಟ್ಟದ್ದೇ. ಆದ್ದರಿಂದ ಅದನ್ನು ಲಂಗೋಟಿ ಎನ್ನಬಾರದು, ತೊಗಲುಚಲ್ಲಣ ಎನ್ನಿ. ಸೋಲನ್ನು ಅವರು 'ಹೊಕ್ಕುಳು ನಕ್ಷತ್ರ ಕಂಡಿತು' ಎನ್ನುತ್ತಾರೆ. ಇದಕ್ಕೆ ನಮ್ಮ 'ಚಿತ್ ಆದ' ಸರಿಯಾದ ಜೋಡಿ. ಕುಸ್ತಿಗೆ ಮೊದಲಿನ ಕೈಬೀಸಿನ ನಡಿಗೆ 'ಪೆಶ್ರೆವ್', ಮುಂದೆ ನಡೆಯುವುದು. ಪೇಶ್ವೆಯಲ್ಲಿರುವ 'ಪೇಶ್' ಅದೇ.

ಈ ಕುಸ್ತಿ ಜೂನ್ ಕೊನೆ-ಜುಲೈ ಮೊದಲ ವಾರದ ಹೊತ್ತಿಗೆ ನಡೆಯುತ್ತದೆ. ಯುನೆಸ್ಕೋ ಪಟ್ಟಿಗೆ ಸೇರಿದ್ದು 2010ರಲ್ಲಿ. ಬಯಲಿನ ಹೆಸರು 'ಅರಮನೆಯ ಒಳಗು' ಎಂಬರ್ಥದ ಸರಾಯ್-ಇಚಿ. ನಡುವೆ ಅಡ್ಡಗೆರೆ ಬಿಡಬೇಡಿ, ಸಾರಾಯಿ ಅಂಗಡಿಯಾದೀತು. ಕೂಟದ ಹೆಸರು 'ನಲವತ್ತು ಒರತೆ'. ಅದನ್ನು ಕಿರ್ಕ್‌ಪಿನಾರ್ ಎಂದು ಬರೆಯುವುದು ರೂಢಿ, ಮೇಲಿನ ಉತ್ತರದಲ್ಲಿ ಅದೇ ಸ್ವರವನ್ನು 'ಸನರ್' ಎಂದು ಅಕಾರದಲ್ಲಿ ಬರೆದಿದ್ದಾರೆ. ಎರಡೂ ಅಷ್ಟಕ್ಕಷ್ಟೆ. ತುರ್ಕಿಯವರು ರೋಮನ್ ಲಿಪಿಯಲ್ಲಿ ಚುಕ್ಕೆಯಿಲ್ಲದೆ ಬರೆಯುವ ಆ 'ಇ'ಗೆ (ı) ಕನ್ನಡ ಲಿಪಿಯಲ್ಲಿ ಅಕ್ಷರವಿಲ್ಲ. ತುಳುವಿನಲ್ಲಿ ಹತ್ತಕ್ಕೆ 'ಪತ್ತ್' ಎನ್ನುವಾಗ ಕೊನೆಗೆ ತುಟಿ ದುಂಡಾಗದೆ ಬರುವ ಅರೆ ಉಕಾರವಿದೆಯಲ್ಲ, ಹೆಚ್ಚು ಕಡಿಮೆ ಅದೇ. ಮಂಗಳೂರಿನವರೊಬ್ಬರಿಂದ ಹೇಳಿಸಿ ಕೇಳಿದರೆ ಕೈಪಿಡಿಯ ಉಚ್ಚಾರಣೆ ಪುಟ ಅರ್ಧ ಮುಗಿದಂತೆ.