‘ಗ್ರೌಂಡ್’, ‘ಅರ್ಥಿಂಗ್’, ‘ಭೂಸಂಪರ್ಕ’: ಮೂರೂ ಒಂದೆಯೆ?

ಪ್ರಶ್ನೆ: ಹವ್ಯಾಸಿ ಎಲೆಕ್ಟ್ರಾನಿಕ್ಸ್ ಟಿಪ್ಪಣಿಗಳಲ್ಲಿ, ಮಂಡಲವನ್ನು (ಸರ್ಕ್ಯೂಟನ್ನು) ಒಳಗಿಟ್ಟು ಪರೀಕ್ಷಿಸುವಾಗ, ‘ತಗಡಿನ ಡಬ್ಬಿಗೆ ಭೂಸಂಪರ್ಕ ಕೊಡಿ’ ಎಂದಿರುತ್ತದೆ. ಬ್ಯಾಟರಿಯ ಋಣ ತುದಿಗೂ ‘ಭೂಮಿ’ ಎಂದೇ ಬರೆದಿರುತ್ತಾರೆ. ನೆಲಕ್ಕೆ ತಂತಿಯೇ ಹೋಗದ ಕಡೆ ಈ ಪದ ಸರಿಯೆ? ಹೊರಗಿನ ಕ್ಷೇತ್ರಗಳನ್ನು ತಡೆಯುವ ಲೋಹದ ಹೊದಿಕೆಗೆ, ಅಂದರೆ ಶೀಲ್ಡ್‌ಗೆ, ‘ಕವಚ’ ಸಾಕೆ? ಬ್ಯಾಟರಿಯಿಲ್ಲದೆ ಎಲ್‌ಇಡಿ ಮಿನುಗಿದರೆ ‘ಉಚಿತ ವಿದ್ಯುತ್’ ಎನ್ನಬಹುದೆ?

ಉತ್ತರ: ನೆಲಕ್ಕೆ ಹೂತ ಸರಳಿಗೆ ಹೋಗುವ ರಕ್ಷಣೆಯ ತಂತಿಗೆ ಮಾತ್ರ ‘ಅರ್ಥಿಂಗ್’ ಅಥವಾ ‘ಭೂಸಂಪರ್ಕ’ ಇರಲಿ. ಮಂಡಲದಲ್ಲಿ ಎಲ್ಲ ವೋಲ್ಟೇಜನ್ನೂ ಎಲ್ಲಿಂದ ಅಳೆಯುತ್ತೇವೋ ಅದು ‘ಕಾಮನ್’; ಟಿಪ್ಪಣಿಗಳ ‘ಗ್ರೌಂಡ್’ ಹೆಚ್ಚಾಗಿ ಇದೇ. 9 ವೋಲ್ಟ್ ಬ್ಯಾಟರಿಯ ಮಂಡಲದಲ್ಲಿ ಅದು ಸಾಮಾನ್ಯವಾಗಿ ಕಪ್ಪು ತಂತಿ, ಅಷ್ಟೇ. ಇದು ಬರೀ ಪದದ ಗೊಂದಲವಲ್ಲ. ‘ಭೂಸಂಪರ್ಕ’ ಎಂದು ಓದಿದವರು ಡಬ್ಬಿಯಿಂದ ಗೋಡೆಯ ಸಾಕೆಟ್ಟಿಗೆ ತಂತಿ ಎಳೆಯುತ್ತಾರೆ. ತಪ್ಪಿ ನ್ಯೂಟ್ರಲ್‌ಗೆ (ಕರೆಂಟು ಮರಳುವ ತಂತಿಗೆ) ಸೇರಿಸಿದರೆ, ಸಾಕೆಟ್ಟಿಗೆ ಬರುವ ದಾರಿಯಲ್ಲೆಲ್ಲೋ ನ್ಯೂಟ್ರಲ್ ಕಡಿದ ದಿನ ಚಾಲೂ ಇರುವ ಉಪಕರಣಗಳ ಮೂಲಕ ಡಬ್ಬಿಗೆ ಫೇಸಿನ ವೋಲ್ಟೇಜೇ ಬಂದು ಕೂರುತ್ತದೆ. ‘ಡಬ್ಬಿಯನ್ನು ವೋಲ್ಟೇಜ್ ಅಳೆಯುವ ಮೀಟರಿನ ಕಪ್ಪು ತಂತಿಗೆ ಸೇರಿಸಿ’ ಎಂದು ಬರೆಯಿರಿ, ಸಂಶಯವೇ ಉಳಿಯುವುದಿಲ್ಲ.

‘ಕವಚ’ ಒಳ್ಳೆಯ ಪದ, ಆದರೆ ‘ಕವಚ ಹೊದಿಸಿ’ ಎಂದಷ್ಟೇ ಬರೆದರೆ ಸಾಲದು. ಎಲ್ಲಿಗೂ ಸೇರಿಸದ ಅಲ್ಯೂಮಿನಿಯಮ್ ಫಾಯಿಲ್ ಹೊರಗಿನ ವಿದ್ಯುತ್‌ಕ್ಷೇತ್ರವನ್ನು ತಾನು ಹಿಡಿದು ಒಳಗಿನ ತಂತಿಗೆ ದಾಟಿಸುತ್ತದೆ. ಕಾಮನ್‌ಗೆ ಸೇರಿಸಿದಾಗಲೇ ಅದು ಕವಚ. ಆಡಿಯೊ ಕೇಬಲಿನಲ್ಲಿ ಒಳತಂತಿಯ ಸುತ್ತಲಿನ ಲೋಹದ ಹೆಣಿಗೆಯ ಎರಡೂ ತುದಿಗಳನ್ನು ಬೇರೆಬೇರೆ ಅರ್ಥಿಂಗ್‌ಗೆ ಕಟ್ಟಿದರೆ ನಡುವೆ ಕರೆಂಟು ಹರಿದು ಗುಂಯ್‌ಗುಡುತ್ತದೆ. ಅಲ್ಲಿ ಒಂದೇ ತುದಿ ಸಾಕು. ರೇಡಿಯೊ ಆವರ್ತನಕ್ಕೆ ಎರಡೂ ಬೇಕು. ಇನ್ನು ಟ್ರಾನ್ಸ್‌ಫಾರ್ಮರಿನ 50 ಹರ್ಟ್ಸ್ ಕಾಂತಕ್ಷೇತ್ರ ಅಲ್ಯೂಮಿನಿಯಮ್ಮಿನಲ್ಲಿ ಸುಮಾರು 12 ಮಿಲಿಮೀಟರ್ ಆಳಕ್ಕೆ ಇಳಿಯುತ್ತದೆ. ಫಾಯಿಲ್ ಇರುವುದು ಮಿಲಿಮೀಟರಿನ ನೂರನೇ ಒಂದೆರಡು ಪಾಲು. ಆ ಕ್ಷೇತ್ರವನ್ನು ತಡೆಯಲು ದಪ್ಪ ಉಕ್ಕು ಬೇಕು, ಇಲ್ಲವೇ ದೂರ. ಹಾಗಾಗಿ ‘ವಿದ್ಯುತ್‌ಕ್ಷೇತ್ರ ಕವಚ’, ‘ಕಾಂತಕ್ಷೇತ್ರ ಕವಚ’ ಎಂದು ಬಿಡಿಸಿ ಹೇಳುವುದೇ ಮೇಲು.

‘ಉಚಿತ ವಿದ್ಯುತ್’ ಬೇಡವೇ ಬೇಡ. ಪರೀಕ್ಷೆಗೆ ಮೊದಲೇ ತೀರ್ಪು ಕೊಡುವ ಪದ ಅದು. ಕಾರಣ ಸಿಗುವವರೆಗೆ ‘ಮೂಲ ತಿಳಿಯದ ವೋಲ್ಟೇಜ್’ ಎನ್ನಿ. ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್; ಅದು ಕರೆಂಟು ಎಳೆಯುವುದು ಅತ್ಯಲ್ಪ, ಆದ್ದರಿಂದ ತೂಗುಬಿಟ್ಟ ತಂತಿಯೂ ಹತ್ತಾರು ವೋಲ್ಟ್ ಎಸಿ ತೋರಿಸೀತು. ಮೀಟರಿಗೆ ಅಡ್ಡಲಾಗಿ 10 ಕಿಲೋಓಮ್ ರೆಸಿಸ್ಟರ್ ಹಾಕಿ. 230 ವೋಲ್ಟ್, 50 ಹರ್ಟ್ಸ್ ವೈರಿಂಗ್‌ನಿಂದ ನಡುವಿನ ಗಾಳಿಯ ಕೆಪಾಸಿಟೆನ್ಸ್ ಮೂಲಕ, ಅದು 100 ಪಿಕೋಫ್ಯಾರಡ್ ಎಂದುಕೊಂಡರೆ, ಬರುವುದು ಸುಮಾರು 7 ಮೈಕ್ರೋಆಂಪ್, ಹಾಗಾಗಿ ಓದು 0.07 ವೋಲ್ಟಿಗೆ ಕುಸಿಯುತ್ತದೆ. ಇದು ‘ಪ್ರೇರಿತ ವೋಲ್ಟೇಜ್’. ಕತ್ತಲಲ್ಲಿ ಎಲ್‌ಇಡಿ ಮಿನುಗಲು ಆ ಕೆಲವು ಮೈಕ್ರೋಆಂಪೇ ಸಾಕು. ಡಬ್ಬಿಯಿಟ್ಟು ಪರೀಕ್ಷಿಸುವವರು ಮೀಟರನ್ನೂ ಡಬ್ಬಿಯೊಳಗೇ ಇಟ್ಟು, ಓದುವ ಕಿಂಡಿಗೆ ಲೋಹದ ಜಾಲರಿ ಹಾಕಬೇಕು. ತಂತಿ ಹೊರಗೆ ಬಂದರೆ ಅದರ ಜೊತೆ ಹೊರಗಿನ ಕ್ಷೇತ್ರವೂ ಒಳಗೆ ಬರುತ್ತದೆ.

ಇಂಥ ವೋಲ್ಟೇಜಿಗೆ ಬೇರೆ ಮೂಲಗಳೂ ಇವೆ. ಒದ್ದೆ ಮಣ್ಣಿಗೆ ಚುಚ್ಚಿದ ತಾಮ್ರ ಮತ್ತು ಸತುವಿನ ಸರಳುಗಳು ಒಂದು ವೋಲ್ಟಿನ ಆಸುಪಾಸು ಡಿಸಿ ಕೊಡುತ್ತವೆ. ಸವೆಯುವುದು ಸತು. ಎರಡನ್ನೂ ತಾಮ್ರ ಮಾಡಿದರೆ ವೋಲ್ಟೇಜ್ ಬಹುತೇಕ ಮಾಯ. ಇದಕ್ಕೆ ‘ಮಣ್ಣಿನ ಕೋಶ’ ಎನ್ನಬಹುದು. ಕ್ಷಣಕಾಲ ಶಾರ್ಟ್ ಮಾಡಿಬಿಟ್ಟ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನಲ್ಲಿ ಕೆಲ ನಿಮಿಷಕ್ಕೆ ಮತ್ತೆ ವೋಲ್ಟೇಜ್ ಕಾಣಿಸುವುದು ಡೈಎಲೆಕ್ಟ್ರಿಕ್ಕಿನೊಳಗೆ (ಫಲಕಗಳ ನಡುವಿನ ನಿರೋಧಕ ಪದರದೊಳಗೆ) ಉಳಿದ ಚಾರ್ಜಿನಿಂದ. ಅದಕ್ಕೆ ‘ಉಳಿಕೆ ಚಾರ್ಜ್’ ಒಪ್ಪುತ್ತದೆ.