ಮಿಡಿ ಕೀಬೋರ್ಡ್ ಬ್ರೌಸರ್‌ಗೆ ಮಾತ್ರ ಕಾಣುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನದು ವಿಂಡೋಸ್ 10 ಲ್ಯಾಪ್‌ಟಾಪ್, ಕ್ರೋಮ್ ಬ್ರೌಸರ್. 25 ಕೀಗಳ ಮಿಡಿ ಕೀಬೋರ್ಡನ್ನು (ಒತ್ತಿದ ಸ್ವರದ ಸಂದೇಶವನ್ನು ಕಂಪ್ಯೂಟರ್‌ಗೆ ಕಳಿಸುವ ಸಾಧನ) ಯುಎಸ್‌ಬಿ ಕೇಬಲ್‌ನಲ್ಲಿ ಹಾಕಿದ್ದೇನೆ. ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಚೆನ್ನಾಗಿ ಬಾರಿಸಬಹುದು. ಬ್ರೌಸರ್‌ನಲ್ಲಿ ಸಿಂಥ್ (ಆ ಸಂದೇಶಕ್ಕೆ ಸದ್ದು ಹುಟ್ಟಿಸುವ ಪುಟ) ತೆರೆದರೆ ಮಾತ್ರ ಒಮ್ಮೆ ಮಿಡಿ ಸಾಧನಗಳ ಪಟ್ಟಿ ಖಾಲಿ, ಇನ್ನೊಮ್ಮೆ ಹೆಸರಿದ್ದರೂ ಸದ್ದಿಲ್ಲ. ಡ್ರೈವರ್ ತೆಗೆದು ಮತ್ತೆ ಹಾಕಿದೆ, ಅದೇ ಕಥೆ.

ಉತ್ತರ

ಡ್ರೈವರ್ ತಂಟೆಗೆ ಹೋಗಬೇಡಿ. ಬೇರೆ ಸಾಫ್ಟ್‌ವೇರ್‌ನಲ್ಲಿ ನುಡಿಯುತ್ತದೆ ಅಂದರೆ ಕೇಬಲ್, ಡ್ರೈವರ್ ಎರಡೂ ಸರಿ ಇವೆ. ಎಲ್ಲೂ ಕಾಣದಿದ್ದರೆ ಮಾತ್ರ ಮೊದಲು ಕೇಬಲ್ ಬದಲಿಸಿ ನೋಡಬೇಕು. ಬರೀ ಚಾರ್ಜಿಂಗ್‌ಗೆ ಅಂತ ಬರುವ ಕೇಬಲ್‌ನಲ್ಲಿ ದೀಪ ಹತ್ತುತ್ತದೆ, ಡೇಟಾ ಹೋಗುವುದಿಲ್ಲ.

ನಿಮ್ಮ ವಿಷಯದಲ್ಲಿ ನನಗೆ ಜಾಸ್ತಿ ಅನುಮಾನ ಆ ರೆಕಾರ್ಡಿಂಗ್ ಸಾಫ್ಟ್‌ವೇರ್ ಮೇಲೆಯೇ. ವಿಂಡೋಸ್‌ನ ಹಳೆಯ ಮಿಡಿ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಒಂದು ಪೋರ್ಟನ್ನು (ಮಿಡಿ ಸಂದೇಶ ಹೋಗಿಬರುವ ದಾರಿ) ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ಹಿಡಿದುಕೊಳ್ಳಬಹುದು. ಅದು ಬಿಡುವ ತನಕ ಕ್ರೋಮ್‌ಗೆ ಸಿಗುವುದಿಲ್ಲ. ಕಿಟಕಿ ಮುಚ್ಚಿದರೆ ಸಾಲದು, ಟಾಸ್ಕ್ ಮ್ಯಾನೇಜರ್ ತೆರೆದು ಅದು ಹಿಂದೆ ಓಡುತ್ತಿದೆಯಾ ನೋಡಿ. ಆಮೇಲೆ ಕ್ರೋಮನ್ನೂ ಪೂರ್ತಿ ಮುಚ್ಚಿ ತೆರೆಯಿರಿ.

ಜೊತೆಗೆ ಅನುಮತಿಯನ್ನೂ ನೋಡಿ. ಮೊದಲೆಲ್ಲ ಸಿಸೆಕ್ಸ್ ಸಂದೇಶ (ಸಾಧನದ ಒಳ ಸೆಟ್ಟಿಂಗ್‌ಗಳನ್ನು ಮುಟ್ಟುವಂಥ ವಿಶೇಷ ಸಂದೇಶ) ಬೇಕಾದಾಗ ಮಾತ್ರ ಕ್ರೋಮ್ ಕೇಳುತ್ತಿತ್ತು. 2024ರಲ್ಲಿ ಬಂದ 124ನೇ ಆವೃತ್ತಿಯಿಂದ ಯಾವ ಮಿಡಿ ಬಳಕೆಗಾದರೂ ಕೇಳುತ್ತದೆ. ಯಾವತ್ತೋ 'ಬ್ಲಾಕ್' ಒತ್ತಿದ್ದರೆ ಅದೇ ಉಳಿದಿರುತ್ತದೆ. ವಿಳಾಸದ ಎಡಗಡೆ ಇರುವ ಐಕಾನ್ ಒತ್ತಿ, ಸೈಟ್ ಸೆಟ್ಟಿಂಗ್ಸ್‌ಗೆ ಹೋಗಿ, ಮಿಡಿಗೆ ಅನುಮತಿ ಕೊಟ್ಟು ಪುಟ ರೀಲೋಡ್ ಮಾಡಿ. ವಿಳಾಸ ಎಚ್‌ಟಿಟಿಪಿಎಸ್ ಆಗಿರಲೇಬೇಕು. ಸಿಂಥ್ ಬೇರೊಂದು ಪುಟದೊಳಗೆ ಕೂತಿದ್ದರೆ ಅದನ್ನು ಪ್ರತ್ಯೇಕ ಟ್ಯಾಬ್‌ನಲ್ಲಿ ತೆರೆಯಿರಿ.

ಪ್ರಶ್ನೆ ಕೇಳಿದವರು

ಅನುಮತಿ ಇತ್ತು. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಾಫ್ಟ್‌ವೇರ್ ಇನ್ನೂ ಓಡುತ್ತಲೇ ಇತ್ತು! ಅದನ್ನು ನಿಲ್ಲಿಸಿದ ಮೇಲೆ ಪಟ್ಟಿಯಲ್ಲಿ ಹೆಸರು ಬಂತು, ಈಗ ಹೋಗುತ್ತಲೂ ಇಲ್ಲ. ಆದರೆ ಒಂದೇ ಕೀಬೋರ್ಡ್‌ಗೆ ಎರಡು ಹೆಸರು ಕಾಣುತ್ತಿವೆ. ಯಾವುದನ್ನು ಆರಿಸಿದರೂ ಸದ್ದಿಲ್ಲ.

ಉತ್ತರ

ಎರಡು ಹೆಸರು ಬರುವುದು ಮಾಮೂಲು. ಒಂದು ಪೋರ್ಟ್ ಕೀಗಳಿಗೆ, ಇನ್ನೊಂದು ರೆಕಾರ್ಡಿಂಗ್ ಸಾಫ್ಟ್‌ವೇರ್‌ನ ಪ್ಲೇ, ಸ್ಟಾಪ್ ಬಟನ್‌ಗಳಿಗೆ. ಯಾವುದು ಯಾವುದು ಅಂತ ಸುಮ್ನೆ ಊಹೆ ಮಾಡಬೇಡಿ. ಬ್ರೌಸರ್‌ನಲ್ಲೇ ಓಡುವ ಮಿಡಿ ಮಾನಿಟರ್ ಪುಟ (ಕೀಬೋರ್ಡ್ ಕಳಿಸಿದ ಸಂದೇಶವನ್ನು ಸಂಖ್ಯೆಗಳಲ್ಲಿ ತೋರಿಸುವ ಪುಟ) ತೆರೆದು, ಒಂದೊಂದೇ ಪೋರ್ಟ್ ಆರಿಸಿ ನಡುವಿನ 'ಸಿ' ಕೀ ಒತ್ತಿ. 144, 60, 87 ಈ ತರಹ ಮೂರು ಸಂಖ್ಯೆ ಬರಬೇಕು. 144 ಅಂದರೆ ಮೊದಲ ಚಾನೆಲ್‌ನಲ್ಲಿ ಸ್ವರ ಶುರು, 60 ಅಂದರೆ ಆ 'ಸಿ', ಕೊನೆಯದು ಎಷ್ಟು ಜೋರಾಗಿ ಒತ್ತಿದಿರಿ ಅನ್ನುವುದು. ಮೆಲ್ಲಗೆ ಒತ್ತಿ, ಆ ಕೊನೆಯ ಸಂಖ್ಯೆ ಇಳಿಯುತ್ತದೆ. ನಾಬ್ ತಿರುಗಿಸಿದರೆ 176 ಬರುತ್ತದೆ. ಕೀ ಮುಟ್ಟದೆಯೇ 254 ಬರುತ್ತಿದ್ದರೆ ಗಾಬರಿ ಬೇಡ, ಕೀಬೋರ್ಡ್ 'ನಾನಿದ್ದೇನೆ' ಅನ್ನುತ್ತಿದೆ ಅಷ್ಟೇ.

ಸಂಖ್ಯೆ ಬಂದೂ ಸಿಂಥ್‌ನಲ್ಲಿ ಸದ್ದಿಲ್ಲ ಅಂದರೆ ಪುಟದ ಮೇಲೆ ಮೌಸ್‌ನಿಂದ ಒಂದು ಕ್ಲಿಕ್ ಮಾಡಿ. ಬಳಕೆದಾರರು ಪುಟವನ್ನು ಮುಟ್ಟುವ ತನಕ ಬ್ರೌಸರ್ ಆಡಿಯೊ ಶುರು ಮಾಡುವುದಿಲ್ಲ. ಮಿಡಿ ಕೀ ಒತ್ತಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ತುಂಬಾ ಜನ ಇಲ್ಲೇ ಸಿಕ್ಕಿಬೀಳುತ್ತಾರೆ.

ಇನ್ನೊಬ್ಬರು

ಮ್ಯಾಕ್‌ನವರಿಗೆ ಒಂದು ಮಾತು: ಸಫಾರಿಯಲ್ಲಿ ವೆಬ್ ಮಿಡಿ (ಪುಟಗಳು ಮಿಡಿ ಸಾಧನ ಬಳಸಲು ಬ್ರೌಸರ್ ಕೊಡುವ ಸೌಲಭ್ಯ) ಇಲ್ಲವೇ ಇಲ್ಲ, ಹುಡುಕಿ ಪ್ರಯೋಜನವಿಲ್ಲ. ಕ್ರೋಮ್ ಅಥವಾ ಫೈರ್‌ಫಾಕ್ಸ್ ಹಾಕಿಕೊಳ್ಳಿ. ಫೈರ್‌ಫಾಕ್ಸ್‌ಗೆ ಇದು 2022ರ ಕೊನೆಗೆ, 108ನೇ ಆವೃತ್ತಿಯಲ್ಲಿ ಬಂತು. ಐಪ್ಯಾಡ್‌ನಲ್ಲಿ ಕ್ರೋಮ್ ಕೂಡ ಆಪಲ್‌ನ ಎಂಜಿನ್ ಮೇಲೆ ಓಡುವುದರಿಂದ ಅಲ್ಲೂ ಆಗುವುದಿಲ್ಲ.

ಪ್ರಶ್ನೆ ಕೇಳಿದವರು

ಮಾನಿಟರ್‌ನಲ್ಲಿ ಮೊದಲ ಪೋರ್ಟ್‌ಗೆ 144 ಬಂತು. ಸಿಂಥ್‌ನಲ್ಲೂ ಅದನ್ನೇ ಆರಿಸಿ ಒಂದು ಕ್ಲಿಕ್ ಮಾಡಿದೆ, ನುಡಿಯಿತು. ಇಬ್ಬರಿಗೂ ತುಂಬಾ ಥ್ಯಾಂಕ್ಸ್.